ಪೆನುಗೊಂಡೆಯ ಬಡಗಣ ಬಾಗಿಲು

ಚಂದ್ರಗಿರಿ ಎಂದ ಕೂಡಲೇ ಈ ಸಂಚಿಕೆಯ ಓದುಗರಿಗೆ ಹೊಳೆ, ಸೇತುವೆ, ಹೊಳೆಯ ದಂಡೆಯ ಮೇಲಿನ ಕೋಟೆ ನೆನಪಾಗುತ್ತವೆ. ನನಗೆ ಮೊದಲು ನೆನಪಾಗುವುದು ತಿರುಪತಿಯ ಹತ್ತಿರದ ಇನ್ನೊಂದು ಚಂದ್ರಗಿರಿ. ವಿಜಯನಗರದ ಕಡೆಯ ಅರಸರು ನಮ್ಮ ಪೆನುಕೊಂಡವನ್ನು ಬಿಟ್ಟು ಹೋಗಿ ನೆಲೆಸಿದ ಊರು ಅದು. ಹೀಗೆ ಒಂದೇ ಹೆಸರಿನ ಎರಡು ಊರುಗಳ ವಿಷಯ ಮಾತಾಡುತ್ತಾ ಕಾಸರಗೋಡಿನ ನನ್ನ ಗೆಳೆಯರು, "ನಿಮ್ಮ ಆ ಬೆಟ್ಟದ ಊರಿನ ಬಗ್ಗೆ ನಮ್ಮ ಸಂಚಿಕೆಗೆ ಬರೆದು ಕೊಡಿ, ನಮ್ಮವರಿಗೂ ಗೊತ್ತಾಗಲಿ" ಎಂದರು. ನಾನು ಇತಿಹಾಸದ ವಿದ್ವಾಂಸನಲ್ಲ. ಬಿ.ಎ. ಓದಿ ಬ್ಯಾಂಕಿನ ಗುಮಾಸ್ತನಾದವನು. ಆದರೆ ಆ ಊರಿನ ಕಲ್ಲೊಂದರ ಮುಂದೆ ಅವರ ಎದುರಿಗೇ ನನ್ನ ಮಾನ ಹೋಗಿತ್ತು. ಆ ಋಣ ತೀರಿಸಲೆಂದು ಒಪ್ಪಿಕೊಂಡೆ.

ಮೊದಲು ನಾನಿರುವ ಜಾಗದ ಪರಿಚಯ ಮಾಡಿಕೊಡಬೇಕು. ನನ್ನ ಮನೆ ಕಲ್ಯಾಣದುರ್ಗ, ಕೆಲಸ ಹಿಂದೂಪುರ. ಎರಡೂ ಬಹಳ ಕಾಲ ಒಂದೇ ಅನಂತಪುರ ಜಿಲ್ಲೆಯಲ್ಲಿದ್ದವು. 2022ರ ಏಪ್ರಿಲ್ 4ರಂದು ಜಿಲ್ಲೆ ಎರಡಾಗಿ, ಹಿಂದೂಪುರವೂ ಪೆನುಕೊಂಡವೂ ಮಡಕಶಿರವೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಅಮ್ಮನನ್ನು ನೋಡಲು ಹೋಗುವುದೆಂದರೆ ಈಗ ಜಿಲ್ಲೆ ದಾಟುವುದು. ಮೊದಲಿನಿಂದಲೂ ರಾಜ್ಯವನ್ನೇ ದಾಟುತ್ತಿದ್ದೆವು ಎನ್ನಿ. ಮಡಕಶಿರ, ಪಾವಗಡದ ಮೇಲೆ ಹೋಗುವ ಬಸ್ಸು ಆಂಧ್ರದಲ್ಲಿ ಹೊರಟು, ಕರ್ನಾಟಕದಲ್ಲಿ ಟೀ ಕುಡಿಸಿ, ಮತ್ತೆ ಆಂಧ್ರದಲ್ಲಿ ಇಳಿಸುತ್ತದೆ. ಇನ್ನೊಂದು ದಾರಿ ಪೆನುಕೊಂಡದ ಮೇಲೆ ಅನಂತಪುರ ಸುತ್ತಿಕೊಂಡು ಬರುವುದು. ಚಿಕ್ಕವನಾಗಿದ್ದಾಗ ಅಪ್ಪನ ಜೊತೆ ಆ ದಾರಿಯಲ್ಲಿ ಹೋಗುವಾಗೆಲ್ಲ ಅವರು ಕಿಟಕಿಯಿಂದ ಬೆಟ್ಟ ತೋರಿಸಿ, "ನೋಡು, ಹಂಪಿ ಹಾಳಾದ ಮೇಲೆ ರಾಯರು ಓಡಿಬಂದದ್ದು ಇಲ್ಲಿಗೆ" ಎನ್ನುತ್ತಿದ್ದರು. ಅಲ್ಲಿ ಒಮ್ಮೆಯೂ ನಾವು ಬಸ್ಸಿಳಿಯಲಿಲ್ಲ.

ಕಾಸರಗೋಡಿನವರಿಗೆ ಈ ಸೀಮೆಯ ಬಣ್ಣ ಊಹಿಸುವುದೂ ಕಷ್ಟ. ನಿಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಮೇಲೆ ಮಳೆ. ನಮ್ಮಲ್ಲಿ 550 ಆದರೆ ಪುಣ್ಯ. ಕೆಂಪು ನೆಲ, ಕಡಲೆಕಾಯಿ ಹೊಲ, ಅಲ್ಲಲ್ಲಿ ಹುಣಸೆ ಮರ, ನಡುನಡುವೆ ಯಾರೋ ತಂದು ರಾಶಿ ಹಾಕಿದಂಥ ಬಂಡೆಗುಡ್ಡಗಳು. ಅಂಥ ಗುಡ್ಡಗಳಲ್ಲಿ ದೊಡ್ಡದು ಪೆನುಕೊಂಡ. ಹೆಸರಿನ ಅರ್ಥವೇ ದೊಡ್ಡ ಬೆಟ್ಟ. ಸಂಸ್ಕೃತದಲ್ಲಿ ಬರೆಯುವವರು ಘನಗಿರಿ ಎಂದರು, ಹಳೆಯ ಶಾಸನಗಳಲ್ಲಿ ಪೆನುಗೊಂಡೆ ಎಂದಿದೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದ ಬೆಟ್ಟದ ತುದಿಯಲ್ಲಿ ನರಸಿಂಹನ ಗುಡಿ. ಬುಡದಲ್ಲಿ, 2011ರ ಜನಗಣತಿಯ ಹೊತ್ತಿಗೂ ಮೂವತ್ತು ಸಾವಿರ ಮುಟ್ಟದ ಒಂದು ಊರು. ಬಸ್ ನಿಲ್ದಾಣ, ಕಚೇರಿ, ಸಂತೆಯನ್ನು ಬಿಟ್ಟರೆ ಮಿಕ್ಕದ್ದೆಲ್ಲ ಮಂಟಪ, ಮುರಿದ ಗೋಡೆ, ಹುಲ್ಲು.

ಈ ಊರಿನ ಹಳೆತನ ವಿಜಯನಗರದಿಂದ ಶುರುವಾಗುವುದಲ್ಲ. ತಲಕಾಡಿನ ಗಂಗರ ಮಾಧವನ ತಾಮ್ರಶಾಸನವೊಂದು ಪೆನುಕೊಂಡದಲ್ಲಿ ಸಿಕ್ಕಿದೆ. ಅದು 5ನೇ ಶತಮಾನದ್ದೆಂದು ವಿದ್ವಾಂಸರು ಎಣಿಸಿದ್ದಾರೆ. ಜೈನರ ನಾಲ್ಕು ವಿದ್ಯಾಪೀಠಗಳಲ್ಲಿ ದೆಹಲಿ, ಕೊಲ್ಹಾಪುರ, ಜಿನಕಂಚಿಗಳ ಜೊತೆಗೆ ಪೆನುಗೊಂಡೆಯ ಹೆಸರೂ ಇದೆ. ಪಾರ್ಶ್ವನಾಥನ ಬಸದಿ ಇಂದಿಗೂ ಇದೆ, ಕರ್ನಾಟಕದಿಂದ ಜೈನ ಯಾತ್ರಿಕರು ಬರುತ್ತಾರೆ. ಊರಿನಲ್ಲಿ ಬಾಬಾ ಫಕ್ರುದ್ದೀನರ ದರ್ಗಾ ಇದೆ. ತಿರುಚಿನಾಪಳ್ಳಿಯ ಗುರುಗಳ ಶಿಷ್ಯರಾಗಿ ಇಲ್ಲಿಗೆ ಬಂದವರೆಂದು ಹೇಳುತ್ತಾರೆ. ನಮ್ಮವರು ಬಾಬಯ್ಯಸ್ವಾಮಿ ಎಂದೇ ಕರೆಯುವುದು. ನಮ್ಮ ಅಜ್ಜಿ ಹರಕೆ ಹೊತ್ತರೆ ಕದಿರಿ ನರಸಿಂಹನಿಗೆ, ಇಲ್ಲವೇ ಬಾಬಯ್ಯನಿಗೆ. ಅದರಲ್ಲಿ ಅವರಿಗೆ ಯಾವ ತಂಟೆಯೂ ಕಾಣುತ್ತಿರಲಿಲ್ಲ.

ಈಗ ಬಡಗಣ ಬಾಗಿಲಿನ ವಿಷಯ. ಕೋಟೆಯ ಆ ಬಾಗಿಲಲ್ಲಿ ಒಂದು ಶಾಸನವಿದೆ. ಕಾಲ 1354. ಹರಿಹರ, ಬುಕ್ಕರು ರಾಜ್ಯ ಕಟ್ಟಿ ಇನ್ನೂ ಇಪ್ಪತ್ತು ವರ್ಷ ಕೂಡ ತುಂಬಿರಲಿಲ್ಲ. ಬುಕ್ಕರಾಯ ತನ್ನ ಮಗ ವಿರುಪಣ್ಣ ಒಡೆಯನಿಗೆ ಪೆನುಗೊಂಡೆಯ ಸೀಮೆಯನ್ನು ಒಪ್ಪಿಸಿದ್ದ, ಕೋಟೆಯ ಕಟ್ಟಡವೂ ಆ ಕಾಲದ್ದು. ಭಾಷೆ ಕನ್ನಡ. ಇದನ್ನು ಅಚ್ಚಿನಲ್ಲಿ ಓದಿದ ದಿನದಿಂದ ನನಗೆ ಒಂದು ಬಗೆಯ ಜಂಬ ಬಂದಿತ್ತು. ಆಫೀಸಿನಲ್ಲಿ ಯಾರಾದರೂ "ನೀವು ಕನ್ನಡದವರು, ಇಲ್ಲಿಗೆ ಹೇಗೆ ಬಂದಿರಿ?" ಎಂದು ಕೇಳಿದರೆ, "ಬಂದದ್ದು ನಾವಲ್ಲ ಸ್ವಾಮಿ, ಪೆನುಕೊಂಡದ ಬಾಗಿಲು ನೋಡಿ ಬನ್ನಿ" ಎನ್ನುತ್ತಿದ್ದೆ. ನಾನು ಮಾತ್ರ ಆ ಬಾಗಿಲನ್ನು ನೋಡಿರಲಿಲ್ಲ!

ಕಾಸರಗೋಡಿನ ಗೆಳೆಯರು ಹಿಂದೂಪುರಕ್ಕೆ ಬಂದಾಗ ಮೊದಲ ದಿನ ಲೇಪಾಕ್ಷಿಗೆ ಕರೆದೊಯ್ದೆ. ಊರಿಂದ ಹದಿನೈದು ಕಿಲೋಮೀಟರೂ ಇಲ್ಲ. ಅಚ್ಯುತರಾಯನ ಕಾಲದಲ್ಲಿ, 1530ರ ದಶಕದಲ್ಲಿ, ಆ ವೀರಭದ್ರ ದೇವಾಲಯವನ್ನು ಬೆಳೆಸಿದವರು ವಿರುಪಣ್ಣ ಮತ್ತು ವೀರಣ್ಣ ಎಂಬ ಅಣ್ಣತಮ್ಮಂದಿರು. ಈ ವಿರುಪಣ್ಣ ಬುಕ್ಕನ ಮಗನಲ್ಲ, ಪೆನುಗೊಂಡೆಯ ಖಜಾನೆ ನೋಡಿಕೊಳ್ಳುತ್ತಿದ್ದ ಅಧಿಕಾರಿ. ರಾಯನ ಹಣವನ್ನು ಕೇಳದೆ ಗುಡಿಗೆ ಖರ್ಚು ಮಾಡಿದನೆಂದು ದೂರು ಹೋಯಿತಂತೆ, ಶಿಕ್ಷೆ ಬರುವ ಮುಂಚೆ ತಾನೇ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ. ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಕಥೆ ನಿಜವೋ ಸುಳ್ಳೋ, ಕ್ಯಾಷ್ ಕೌಂಟರಿನಲ್ಲಿ ಕೂರುವವನಿಗೆ ಅದನ್ನು ಕೇಳಿದಾಗ ಹೊಟ್ಟೆ ಸ್ವಲ್ಪ ತಣ್ಣಗಾಗುತ್ತದೆ. ಲೇಪಾಕ್ಷಿಯ ಪ್ರಾಕಾರದ ಗೋಡೆಗಳಲ್ಲೂ ಕನ್ನಡ ಶಾಸನಗಳಿವೆ. ಗೆಳೆಯರು ಬೆರಗಾಗಿ ನೋಡಿದರು. ನಾನು, "ಇದೇನು, ನಾಳೆ ಪೆನುಕೊಂಡದಲ್ಲಿ ಓದಿ ತೋರಿಸುತ್ತೇನೆ" ಎಂದೆ.

ಮರುದಿನ ಬಡಗಣ ಬಾಗಿಲಿನ ಮುಂದೆ ನಿಂತೆವು. ಕಲ್ಲಿನ ಮೇಲೆ ಅಕ್ಷರಗಳಿದ್ದವು. ನನಗೆ ಒಂದು ಸಾಲೂ ಓದಲಾಗಲಿಲ್ಲ.

ಇಪ್ಪತ್ತು ವರ್ಷದಿಂದ ನನ್ನ ಕೆಲಸ ಸಹಿ ಹೋಲಿಸುವುದು. ಮಡಕಶಿರದ ಕಡೆಯಿಂದ, ಅಮರಾಪುರ, ಅಗಳಿ, ರೊಳ್ಳದ ಕಡೆಯಿಂದ ಬರುವ ಹಿರಿಯರು ಕನ್ನಡದಲ್ಲಿ ಸಹಿ ಹಾಕುತ್ತಾರೆ, ಉಳಿದವರು ತೆಲುಗಿನಲ್ಲಿ. ನಡುಗುವ ಕೈಯ ಸಹಿಯನ್ನೂ ಹಳೆಯ ಕಾರ್ಡಿನ ಸಹಿಯ ಜೊತೆ ಇಟ್ಟು ಇವರೇ ಹೌದು ಎಂದು ಹೇಳಬಲ್ಲೆ. ಆ ಕಲ್ಲಿನ ಮುಂದೆ ಈ ಪಳಗಿದ ಕಣ್ಣು ಏನೂ ಮಾಡಲಿಲ್ಲ. ಗೆಳೆಯರು ಸಭ್ಯಸ್ಥರು, ಕನ್ನಡಕ ಒರೆಸಿಕೊಳ್ಳುತ್ತಾ ನಿಂತರು. ಅಷ್ಟರಲ್ಲಿ ಮೇಕೆ ಕಾಯುವ ಹುಡುಗನೊಬ್ಬ ಬಂದ. ನಾನು ಇದು ಯಾವ ಭಾಷೆ ಎಂದು ಅವನನ್ನು ತೆಲುಗಿನಲ್ಲಿ ಕೇಳಿದೆ. ಅವನಿಗೆ ಅನುಮಾನವೇ ಇರಲಿಲ್ಲ. "ತೆಲುಗೇ ಕದಾ ಸಾರ್" ಎಂದ. ತೆಲುಗೇ ಅಲ್ಲವೇ ಎಂದು ನನ್ನನ್ನೇ ಕೇಳಿದ ಹಾಗೆ. ನನಗೆ ಸಿಟ್ಟು ಬಂತು. ಇಲ್ಲಪ್ಪಾ, ಕನ್ನಡ ಎಂದೆ. ಅವನು ಕಲ್ಲನ್ನೂ ನನ್ನನ್ನೂ ನೋಡಿ, "ಹಾಗಾದರೆ ಓದಿ ಸಾರ್" ಎಂದ.

ಆ ರಾತ್ರಿ ಗೆಳೆಯರು ಹೇಳಿದ ಮಾತು ನನ್ನ ಸಿಟ್ಟನ್ನು ಇಳಿಸಿತು. ಕಾಸರಗೋಡಿನಲ್ಲಿ ಅವರ ಮನೆಯ ಅಟ್ಟದ ಮೇಲೆ ತಾಳೆಗರಿಯ ಕಟ್ಟೊಂದಿದೆ. ಮಲೆಯಾಳ ಬಲ್ಲವರು ನೋಡಿದರೆ ಇದು ಹಳೆಯ ಮಲೆಯಾಳ ಎನ್ನುತ್ತಾರೆ. ನಿಜವಾಗಿ ಅದು ತುಳುನಾಡಿನವರು ಬರೆಯುತ್ತಿದ್ದ ತಿಗಳಾರಿ ಲಿಪಿ. ಎರಡೂ ಗ್ರಂಥ ಲಿಪಿಯಿಂದ ಬಂದವು, ಅಕ್ಕತಂಗಿಯರ ಹಾಗೆ ಒಂದೇ ಮುಖ. ನಮ್ಮ ಕಡೆಯೂ ಹಾಗೆಯೇ. 14ನೇ ಶತಮಾನದಲ್ಲಿ ಕನ್ನಡ ಮತ್ತು ತೆಲುಗಿನ ಲಿಪಿ ಹೆಚ್ಚುಕಡಿಮೆ ಒಂದೇ. ಮನೆ ಬೇರೆಯಾಗುವುದು ಆಗತಾನೇ ಶುರುವಾಗಿತ್ತು, ಅಚ್ಚಿನ ಮೊಳೆಗಳು ಬಂದ ಮೇಲೆ ಅದು ಗಟ್ಟಿಯಾಯಿತು. ಬಾಗಿಲಿನ ಮಾತು ಕನ್ನಡ, ಅಕ್ಷರ ಇಬ್ಬರದೂ. ಮೇಕೆಯ ಹುಡುಗ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ನನ್ನ ಜಂಬದಲ್ಲಿ ಎಷ್ಟು ಸರಿ ಇತ್ತೋ ಗೊತ್ತಿಲ್ಲ.

ಇಷ್ಟು ತಿಳಿದ ಮೇಲೆ ಪೆನುಕೊಂಡದ ಕಥೆ ನನಗೆ ಬೇರೆಯಾಗಿ ಕಾಣತೊಡಗಿತು. ಅದು ಎರಡು ಭಾಷೆಯವರು ಒಟ್ಟಿಗೆ ಬಾಳಿದ ಊರು, ಅದಕ್ಕಿಂತ ಹೆಚ್ಚಾಗಿ ಸೋತವರಿಗೆ ಜಾಗ ಕೊಟ್ಟ ಊರು. ಸಾಳುವ ನರಸಿಂಹ ತೀರಿಕೊಂಡ ಮೇಲೆ ಅವನ ಮಗ ಇಮ್ಮಡಿ ನರಸಿಂಹನನ್ನು ದಳವಾಯಿ ನರಸನಾಯಕ ಕಾವಲಿನಲ್ಲಿಟ್ಟದ್ದು ಇಲ್ಲಿ. ಹಂಪಿಯಲ್ಲಿ ಕೂತು ಆಳುತ್ತಿದ್ದವನು ನರಸನಾಯಕ, ಹೆಸರಿಗೆ ದೊರೆಯಾದವನು ಪೆನುಗೊಂಡೆಯಲ್ಲಿ. ಆಮೇಲೆ 1565ರ ಜನವರಿ 23. ತಾಳಿಕೋಟೆಯ ಯುದ್ಧ ಎಂದು ನಾವು ಶಾಲೆಯಲ್ಲಿ ಓದಿದ ಆ ದಿನ ಅಳಿಯ ರಾಮರಾಯನ ತಲೆ ಹೋಯಿತು. ಅವನ ತಮ್ಮ ತಿರುಮಲರಾಯ ಖಜಾನೆಯನ್ನೂ, ಹೆಸರಿಗೆ ಮಾತ್ರ ರಾಯನಾಗಿದ್ದ ಸದಾಶಿವನನ್ನೂ ಕರೆದುಕೊಂಡು ಹಂಪಿ ಬಿಟ್ಟ. ಬಂದು ಸೇರಿದ್ದು ಈ ಬೆಟ್ಟಕ್ಕೆ. ಮತ್ತೆ ಹಂಪಿಯಲ್ಲಿ ನೆಲೆಯೂರಲು ತಿರುಮಲ ಪ್ರಯತ್ನಪಟ್ಟನೆಂದೂ, ಆ ಹಾಳುಪಟ್ಟಣದಲ್ಲಿ ಜನ ನಿಲ್ಲಲಿಲ್ಲವೆಂದೂ ಚರಿತ್ರೆಕಾರರು ಹೇಳುತ್ತಾರೆ. ಸುಮಾರು 1570ರಲ್ಲಿ ತಿರುಮಲ ತಾನೇ ಪಟ್ಟಕ್ಕೇರಿದ. ಅರವೀಡು ವಂಶ ಶುರುವಾದದ್ದು ಹೀಗೆ.

ಗಗನಮಹಲ್ ನೋಡಿದವರಿಗೆ ಆ ದಿನಗಳು ಹೇಗಿದ್ದವೆಂದು ಸ್ವಲ್ಪ ಅರ್ಥವಾಗುತ್ತದೆ. ಹೆಸರು ಕೇಳಿ ಮುಗಿಲು ಮುಟ್ಟುವ ಅರಮನೆ ಎಂದುಕೊಂಡರೆ ನಿರಾಸೆಯಾದೀತು. ಎರಡು ಅಂತಸ್ತಿನ ಕಟ್ಟಡ. ಕೆಳಗೆ ಸುಲ್ತಾನರ ಬಗೆಯ ಕಮಾನು, ಮೇಲೆ ಗುಡಿಯ ಶಿಖರದಂಥ ಗೋಪುರ. ಹಂಪಿಯ ಕಮಲಮಹಲಿನ ಕೈ ಇಲ್ಲೂ ಕಾಣುತ್ತದೆ. ಆದರೆ ಹಂಪಿಯಲ್ಲಿ ಅಂಥದು ಹತ್ತಿದ್ದರೆ ಇಲ್ಲಿ ಒಂದು. ದೊಡ್ಡ ಮನೆ ಮಾರಿ ಬಾಡಿಗೆ ಮನೆಗೆ ಬಂದವರು ಹಳೆಯ ಮನೆಯ ಒಂದು ಬೀರುವನ್ನು ತಂದಿಟ್ಟುಕೊಂಡ ಹಾಗೆ ನನಗೆ ಕಂಡಿತು. ಕೋಟೆಯೊಳಗೆ ರಾಮನ ಗುಡಿಯೂ ಈಶ್ವರನ ಗುಡಿಯೂ ಅಕ್ಕಪಕ್ಕದಲ್ಲಿವೆ.

ಹಾಗೆಂದು ಇದು ಬರೀ ಅಳುವ ಊರಾಗಿರಲಿಲ್ಲ. ತೆಲುಗಿನ ದೊಡ್ಡ ಪ್ರಬಂಧಗಳಲ್ಲೊಂದಾದ ವಸುಚರಿತ್ರವನ್ನು ರಾಮರಾಜಭೂಷಣ ಕವಿ ಅರ್ಪಿಸಿದ್ದು ಈ ತಿರುಮಲರಾಯನಿಗೆ. ಎಲ್ಲ ಕಳೆದುಕೊಂಡು ಬಂದ ದೊರೆಯ ಆಸ್ಥಾನದಲ್ಲಿ ಶ್ಲೇಷೆ ಬಿಡಿಸುತ್ತಾ ಕೂತವರನ್ನು ನೆನೆದರೆ ನಗುವೂ ಗೌರವವೂ ಒಟ್ಟಿಗೆ ಬರುತ್ತವೆ. ತಿರುಮಲನ ಮಗ ಶ್ರೀರಂಗರಾಯನ ಕಾಲದಲ್ಲಿ ಬಿಜಾಪುರದ ಸೈನ್ಯ ಬಂದು ಮುತ್ತಿಗೆ ಹಾಕಿತು. ಕೋಟೆ ಬೀಳಲಿಲ್ಲ. ಅಂಥ ಮುತ್ತಿಗೆಯಲ್ಲಿ ಕೋಟೆ ಉಳಿಸಿದ್ದಕ್ಕೆ ಜಗದೇವರಾಯನಿಗೆ ಸಿಕ್ಕ ಸೀಮೆಯೇ ಚನ್ನಪಟ್ಟಣ. ಇಂದು ಬೊಂಬೆಗಳಿಗೆ ಹೆಸರಾದ ಆ ಊರು ಒಂದು ಪಾಳೆಯಪಟ್ಟಾಗಿ ತಲೆಯೆತ್ತಿದ್ದರ ಹಿಂದೆ ನಮ್ಮ ಬೆಟ್ಟವಿದೆ.

1586ರಲ್ಲಿ ವೆಂಕಟಪತಿರಾಯ ಪಟ್ಟಕ್ಕೆ ಬಂದ. ಬಿಜಾಪುರ, ಗೋಲ್ಕೊಂಡ ಎರಡರ ಕಾಟ. ಶತಮಾನದ ಕೊನೆಯ ದಶಕದಲ್ಲಿ ಅವನು ಇನ್ನೂ ತೆಂಕಣಕ್ಕೆ, ಆ ಇನ್ನೊಂದು ಚಂದ್ರಗಿರಿಗೆ ಹೋದ. ಅಲ್ಲಿಂದ ಮುಂದೆ ರಾಯರು ವೆಲ್ಲೂರಿಗೆ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಹಿಡಿದದ್ದು ಈ ವೆಂಕಟಪತಿಯ ಪ್ರತಿನಿಧಿಯ ಕೈಯಿಂದ. ನಿಮ್ಮ ಕರಾವಳಿಯ ಭಟ್ಟಾಕಳಂಕ ಕನ್ನಡಕ್ಕೆ ಸಂಸ್ಕೃತದಲ್ಲಿ ಶಬ್ದಾನುಶಾಸನವನ್ನು ಬರೆದು ಮುಗಿಸಿದ 1604 ಕೂಡ ಇದೇ ರಾಯನ ಆಳ್ವಿಕೆಯ ಕಾಲ.

ಇಲ್ಲಿ ನನಗೆ ಬಹಳ ಹಿಡಿಸಿದ ಎರಡು ಸಂಗತಿ ಹೇಳಬೇಕು. ರಾಯರು ಪೆನುಗೊಂಡೆ ಬಿಟ್ಟ ಮೇಲೂ ಅವರ ದಾನಶಾಸನಗಳಲ್ಲಿ ಪೆನುಗೊಂಡೆಯ ಸಿಂಹಾಸನದಲ್ಲಿ ಕೂತು ಆಳುತ್ತಿದ್ದಾರೆಂದೇ ಬರೆಸಿದ್ದು ಕಾಣುತ್ತದೆ. ಕೂತದ್ದು ಇನ್ನೆಲ್ಲೋ, ವಿಳಾಸ ಮಾತ್ರ ಹಳೆಯದು. ನಮ್ಮ ಬ್ಯಾಂಕಿನಲ್ಲೂ ಅಂಥವರಿದ್ದಾರೆ. ಮಕ್ಕಳ ಜೊತೆ ಬೆಂಗಳೂರಿಗೆ ಹೋಗಿ ಹತ್ತು ವರ್ಷವಾದರೂ ಪಾಸ್‌ಬುಕ್ಕಿನಲ್ಲಿ ಊರಿನ ವಿಳಾಸ ಬದಲಿಸಲು ಒಪ್ಪುವುದಿಲ್ಲ. ಇನ್ನೊಂದು, ಆ ರಾಜ್ಯದ ಹೆಸರು. ನಾವು ವಿಜಯನಗರ ಸಾಮ್ರಾಜ್ಯ ಎಂದು ಓದಿದ್ದನ್ನು ಅವರು ಕರ್ಣಾಟ ಸಾಮ್ರಾಜ್ಯ ಎಂದು ಕರೆದುಕೊಂಡರು. ಸಿಂಹಾಸನ ಹಂಪಿಯಿಂದ ಪೆನುಗೊಂಡೆಗೆ, ಚಂದ್ರಗಿರಿಗೆ, ವೆಲ್ಲೂರಿಗೆ ಹೋದಂತೆ ಹೆಸರೂ ಅದರ ಹಿಂದೆ ಹೋಯಿತು. ಕಡೆಗೆ ತಮಿಳು ನಾಡಿನ ಆರ್ಕಾಟಿನ ಸೀಮೆಗೆ ಇಂಗ್ಲಿಷರು ಕರ್ನಾಟಿಕ್ ಎಂದರು, ಅಲ್ಲಿ ಹೋರಾಡಿದ ಯುದ್ಧಗಳು ಕರ್ನಾಟಿಕ್ ಯುದ್ಧಗಳಾದವು. ಶಾಲೆಯಲ್ಲಿ ನನಗೆ ಈ ಹೆಸರು ಅಲ್ಲಿಗೆ ಹೇಗೆ ಹೋಯಿತೆಂದು ಯಾರೂ ಹೇಳಿರಲಿಲ್ಲ. ಅದು ನಡೆದುಹೋದ ದಾರಿಯಲ್ಲಿ ಮೊದಲ ತಂಗುದಾಣ ನಾನು ದಿನವೂ ರೈಲಿನ ಕಿಟಕಿಯಿಂದ ನೋಡಬಹುದಾದ ಒಂದು ಗುಡ್ಡ.

ಈ ರಾಯರ ಸಾಲಿನ ಕೊನೆಯ ಕೊಂಡಿ ನಿಮ್ಮ ಕಡೆಗೇ ಬರುತ್ತದೆ. ಮೂರನೆಯ ಶ್ರೀರಂಗರಾಯ 1642ರಲ್ಲಿ ಪಟ್ಟಕ್ಕೆ ಬಂದು, ವೆಲ್ಲೂರು ಕಳೆದುಕೊಂಡು, ಯಾರೂ ಕೈಹಿಡಿಯದಾಗ ಆಶ್ರಯ ಕೊಟ್ಟವನು ಕೆಳದಿಯ ಶಿವಪ್ಪ ನಾಯಕ. ಅವನಿಗೆ ಬೇಲೂರಿನಲ್ಲಿ ನೆಲೆ ಮಾಡಿಕೊಟ್ಟು, ಅವನ ಪರವಾಗಿ ಶ್ರೀರಂಗಪಟ್ಟಣದ ಮೇಲೂ ದಂಡೆತ್ತಿ ಹೋದ. ಬೇಕಲದ ಕೋಟೆಯನ್ನೂ ಚಂದ್ರಗಿರಿಯ ಕೋಟೆಯನ್ನೂ ಕಟ್ಟಿಸಿದವನೆಂದು ನೀವು ಹೇಳುವ ಶಿವಪ್ಪ ನಾಯಕ ಇವನೇ. ಕಳೆದ ಸಲ ಬೇಕಲದ ಬುರುಜಿನ ಮೇಲೆ ಗಾಳಿಗೆ ನಿಂತಾಗ, ಪೆನುಗೊಂಡೆಯಿಂದ ಹೊರಟ ದಾರಿ ಇಲ್ಲಿ ಕಡಲಿಗೆ ಬಂದು ಮುಟ್ಟಿತಲ್ಲ ಎನಿಸಿತು. ಪೆನುಕೊಂಡ 1652ರಲ್ಲಿ ಬಿಜಾಪುರದ ಕೈಗೆ ಹೋಯಿತು. ಆಮೇಲಿನ ಒಡೆಯರನ್ನು ಬೇಗ ಹೇಳಿ ಮುಗಿಸುತ್ತೇನೆ: ಮರಾಠರ ಮುರಾರಿರಾವ್, ಹೈದರ್, ಟಿಪ್ಪು, ನಿಜಾಮ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಕೊಟ್ಟುಬಿಟ್ಟ. ಥಾಮಸ್ ಮನ್ರೋ ಬಂದು ಅಳತೆ ಮಾಡಿಸಿ ಕಂದಾಯ ಕಟ್ಟಿದ. ಬಳ್ಳಾರಿ ಜಿಲ್ಲೆಯಲ್ಲಿದ್ದ ಪೆನುಕೊಂಡ, ಹಿಂದೂಪುರ, ಮಡಕಶಿರಗಳು 1882ರಲ್ಲಿ ಹೊಸ ಅನಂತಪುರ ಜಿಲ್ಲೆಗೆ ಹೋದವು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾಯಿತು. ಅನಂತಪುರ ಪೂರ್ತಿ ಆಂಧ್ರಕ್ಕೆ, ಬಳ್ಳಾರಿಯ ರಾಯದುರ್ಗ, ಆದವಾನಿ, ಆಲೂರು ತಾಲೂಕುಗಳೂ ಆಂಧ್ರಕ್ಕೆ, ಉಳಿದವು ಮೈಸೂರಿಗೆ. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ನಿಮ್ಮ ಕಾಸರಗೋಡು ಕೇರಳಕ್ಕೆ. ಒಂದು ವ್ಯತ್ಯಾಸವಿದೆ. ನಿಮಗೊಂದು ಮಹಾಜನ ಆಯೋಗವಾದರೂ ಬಂತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಬರೆದಿಟ್ಟಿತು. ಅದು ನಡೆಯಲಿಲ್ಲ, ಆದರೆ ಬರೆದ ಕಾಗದ ಇದೆ. ನಮ್ಮ ಕಡೆಗೆ ಆ ಆಯೋಗ ನೋಡಬೇಕಾಗಿಯೇ ಇರಲಿಲ್ಲ. ನಮ್ಮಲ್ಲಿ ಹೋರಾಟದ ನೆನಪೂ ಕಡಿಮೆ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಮದುವೆ ಸಂಬಂಧ ಎರಡೂ ಕಡೆ. ಗಡಿಯಂಚಿನ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ, ಮಕ್ಕಳೂ ಇದ್ದಾರೆ. ಹಿಂದೂಪುರದಂಥ ಊರಿಗೆ ಬಂದವರ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಎರಡನೆಯ ಭಾಷೆಯಾಗಿ ತೆಲುಗು ತೆಗೆದುಕೊಳ್ಳುತ್ತಾರೆ. ನನ್ನ ಮಗಳೂ ಹಾಗೆಯೇ. ಅವಳು ಕನ್ನಡದಲ್ಲಿ ಜಗಳವಾಡುತ್ತಾಳೆ, ಕನ್ನಡ ಓದಲು ಬಾರದು. ಕಲ್ಲಿನ ಮುಂದೆ ನನಗಾದ ಮುಖಭಂಗ ಅವಳಿಗೆ ಅಜ್ಜಿಯ ಕಾಗದದ ಮುಂದೆಯೇ ಆಗುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ.

ಪೆನುಕೊಂಡಕ್ಕೆ ಈಗ ಹೊಸ ಕಾಲ ಬಂದಿದೆ. ಅದೇ ಮಂಡಲದ ಎರ್ರಮಂಚಿಯಲ್ಲಿ ಕೊರಿಯಾದ ಕಿಯಾ ಕಂಪನಿಯ ಕಾರು ಕಾರ್ಖಾನೆ ನಿಂತು 2019ರಲ್ಲಿ ಕಾರುಗಳು ಹೊರಬರತೊಡಗಿದವು. ಹೆದ್ದಾರಿಯ ಬದಿಯಲ್ಲಿ ಕೊರಿಯನ್ ಅಕ್ಷರದ ಬೋರ್ಡು ಹಾಕಿದ ಹೋಟೆಲುಗಳು ಬಂದವು. ಬಾಡಿಗೆ ಏರಿತು, ನಮ್ಮ ಕೌಂಟರಿಗೆ ಹೊಸ ಸಂಬಳದ ಖಾತೆಗಳು ಬಂದವು. ಹೊಟ್ಟೆಪಾಡಿಗೆ ಬಂದ ಅಕ್ಷರವನ್ನು ಜನ ಬೇಗ ಕಲಿಯುತ್ತಾರೆ. ಆ ಬೋರ್ಡುಗಳನ್ನು ಅಷ್ಟಿಷ್ಟು ಓದಬಲ್ಲ ಹುಡುಗನೊಬ್ಬ ನಮ್ಮ ಗ್ರಾಹಕ. ಬಡಗಣ ಬಾಗಿಲಿಗೆ ಅವನು ಹೋಗಿಲ್ಲವಂತೆ. ಇದನ್ನು ದೂರಾಗಿ ಹೇಳುತ್ತಿಲ್ಲ, ನಾನೇ ನಲವತ್ತು ದಾಟುವವರೆಗೆ ಹೋಗಿರಲಿಲ್ಲವಲ್ಲ.

ಮಗಳಿಗೆ ಕಳೆದ ಬೇಸಗೆಯಲ್ಲಿ ಅಕ್ಷರ ಹೇಳಿಕೊಟ್ಟೆ. ತೆಲುಗು ಬಲ್ಲವರಿಗೆ ಕನ್ನಡ ಕಲಿಸುವುದು ಕೆಲಸವೇ ಅಲ್ಲ, ತಲೆಕಟ್ಟಿನ ವ್ಯತ್ಯಾಸ ತಿಳಿದರೆ ಮುಕ್ಕಾಲು ಮುಗಿಯಿತು. ಹತ್ತು ದಿನಕ್ಕೆ ಅಂಗಡಿ ಬೋರ್ಡು ಓದಿದಳು, ತಿಂಗಳಿಗೆ ಅಜ್ಜಿಯ ಹಳೆಯ ಕಾಗದ. "ಅಜ್ಜಿ ಎಷ್ಟೊಂದು ತಪ್ಪು ಬರೆದಿದ್ದಾಳೆ" ಎಂದು ನಕ್ಕಳು. ಆಮೇಲೊಂದು ಭಾನುವಾರ ಪ್ಯಾಸೆಂಜರ್ ಹತ್ತಿ ಇಬ್ಬರೂ ಪೆನುಕೊಂಡಕ್ಕೆ ಹೋದೆವು. ಈ ಸಲ ಶಾಸನದ ಅಚ್ಚಾದ ಪಾಠವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಹಾಳೆ ಒಂದು ಕೈಯಲ್ಲಿ, ಇನ್ನೊಂದು ಕೈಯ ಬೆರಳು ಕಲ್ಲಿನ ಮೇಲೆ. ಕೌಂಟರಿನಲ್ಲಿ ಸಹಿ ಹೋಲಿಸುವ ಹಾಗೆಯೇ ಶುರುಮಾಡಿದೆವು. ಮೊದಲು ಅವಳಿಗೆ ಒಂದು ಗುಂಡನೆಯ ಅಕ್ಷರ ಸಿಕ್ಕಿತು.

"ಅಪ್ಪಾ, ಇದು ರ. ಕನ್ನಡದ್ದಾ, ತೆಲುಗಿಂದಾ?"

ಹಾಳೆಯಲ್ಲಿ ಎಣಿಸಿ ನೋಡಿದೆ. ರ ಹೌದು. ಬಿಸಿಲೇರುವ ಮುಂಚೆ ಮುಂದಿನದನ್ನು ಹುಡುಕು ಎಂದೆ.